ಅಂಗಡಿ ಶಟರ್‌ನಲ್ಲಿ ಸೂರ್ಯ, 778 ಮೀಟರ್ ಆಚೆ ಗುರುಗ್ರಹ: ಅಬ್ಬಿಗೆರೆ ರಸ್ತೆಯಲ್ಲೇ ನಡೆದು ಕಲಿಯೋ ಸೌರಮಂಡಲ

ಅಬ್ಬಿಗೆರೆ: ಮನೆಯಲ್ಲಿ ಹೈಸ್ಕೂಲ್ ಮಕ್ಕಳಿದ್ದರೆ ಅವರ ವಿಜ್ಞಾನ ಪುಸ್ತಕ ತೆಗೆದು ಸೌರಮಂಡಲದ ಚಿತ್ರ ಒಮ್ಮೆ ನೋಡಿ. ಎಡಗಡೆ ಹಳದಿ ಸೂರ್ಯ. ಪಕ್ಕದಲ್ಲಿ ಬುಧ, ಶುಕ್ರ, ಭೂಮಿ, ಮಂಗಳ. ಅದರ ಪಕ್ಕದಲ್ಲೇ ಪಟ್ಟೆ ಪಟ್ಟೆ ಬಣ್ಣದ ಗುರು, ಬಳೆ ತೊಟ್ಟ ಶನಿ. ಎಲ್ಲಾ ಒಂದಕ್ಕೊಂದು ತಾಗಿಕೊಂಡು, ಬಸ್ ಸ್ಟಾಪಿನಲ್ಲಿ ಸಾಲಾಗಿ ನಿಂತ ಹಾಗೆ.

ಚಿತ್ರದಲ್ಲಿ ಹೆಸರು ಸರಿ ಇದೆ, ಸಾಲೂ ಸರಿ ಇದೆ. ತಪ್ಪಿರೋದು ದೂರ. ಅದು ಪುಸ್ತಕ ಮಾಡಿದವರ ತಪ್ಪೂ ಅಲ್ಲ, ಯಾಕಂದ್ರೆ ಸರಿಯಾದ ಅಳತೆಯಲ್ಲಿ ಅದನ್ನು ಯಾವ ಪುಸ್ತಕದಲ್ಲೂ ಅಚ್ಚು ಹಾಕೋಕೆ ಆಗಲ್ಲ. ಭೂಮಿಯನ್ನು 1 ಮಿಲಿಮೀಟರ್ ಚುಕ್ಕಿಯಾಗಿ ಬರೆದರೂ ಗುರುಗ್ರಹವನ್ನು ಸೂರ್ಯನಿಂದ 61 ಮೀಟರ್ ದೂರದಲ್ಲಿ ಬರೆಯಬೇಕಾಗುತ್ತೆ. ಅಷ್ಟು ಉದ್ದದ ಹಾಳೆ ಎಲ್ಲಿ ತರೋದು?

ಹಾಳೆ ಸಾಲದಿದ್ದರೆ ರಸ್ತೆ ಇದೆಯಲ್ಲ. ಪ್ರಪಂಚದ ಹಲವು ಊರುಗಳಲ್ಲಿ ಮಾಡಿರೋದು ಇದನ್ನೇ. ಸೌರಮಂಡಲವನ್ನು ಒಂದೇ ಅಳತೆಯಲ್ಲಿ ಕುಗ್ಗಿಸಿ, ಗ್ರಹಗಳನ್ನು ವಾಕಿಂಗ್ ದಾರಿ ಉದ್ದಕ್ಕೂ ನಿಲ್ಲಿಸೋದು. ಜನ ನಡೆದುಕೊಂಡು ಹೋಗಿ ನೋಡೋದು. ಅಬ್ಬಿಗೆರೆಯಲ್ಲೂ ಇದನ್ನು ಒಂದು ಭಾನುವಾರ ಬೆಳಗ್ಗೆ ಮಾಡಿಬಿಡಬಹುದು. ಬೇಕಾಗೋ ಸಾಮಾನು ಕಿರಾಣಿ ಅಂಗಡಿಯಲ್ಲಿ, ಹಣ್ಣಿನ ಗಾಡಿಯಲ್ಲಿ ಸಿಗುತ್ತೆ.

ಬೇರೆ ಊರಿನವರು ಹೇಗೆ ಮಾಡಿದ್ದಾರೆ?

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಇಥಾಕಾ ಅನ್ನೋ ಸಣ್ಣ ಊರಿದೆ. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಪಾಠ ಹೇಳುತ್ತಿದ್ದ ಊರು. ಅವರು ತೀರಿಕೊಂಡ ಮೇಲೆ, 1997ರಲ್ಲಿ, ಅವರ ನೆನಪಿಗೆ ಅಲ್ಲಿ ಗ್ರಹಗಳ ನಡಿಗೆ ದಾರಿ ಮಾಡಿದರು. ಊರ ನಡುವಿನ ಬೀದಿಯಲ್ಲಿ ಸೂರ್ಯನ ಕಲ್ಲು, ಅಲ್ಲಿಂದ ಸುಮಾರು 1.2 ಕಿಲೋಮೀಟರ್ ಉದ್ದಕ್ಕೆ ಒಂದೊಂದು ಗ್ರಹಕ್ಕೆ ಒಂದೊಂದು ಕಲ್ಲು. ಅಂಗಡಿ ಸಾಲಿನ ಮಧ್ಯೆಯೇ ದಾರಿ ಹೋಗುತ್ತೆ.

ಸ್ವೀಡನ್ ದೇಶದವರು ಇನ್ನೂ ದೊಡ್ಡದಾಗಿ ಮಾಡಿದ್ದಾರೆ. ಸ್ಟಾಕ್‌ಹೋಮ್ ನಗರದಲ್ಲಿರೋ 110 ಮೀಟರ್ ಅಗಲದ ಗುಂಡನೆಯ ಕ್ರೀಡಾಂಗಣವೇ ಅವರಿಗೆ ಸೂರ್ಯ. ಆ ಅಳತೆಯಲ್ಲಿ ಗುರುಗ್ರಹ ಬರೋದು 40 ಕಿಲೋಮೀಟರ್ ಆಚೆ, ಅರ್ಲಾಂಡಾ ವಿಮಾನ ನಿಲ್ದಾಣದ ಹತ್ತಿರ. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಸಿಟಿಯ ಮಧ್ಯದಲ್ಲಿ ಸೂರ್ಯನನ್ನು ಇಟ್ಟು, ದೇವನಹಳ್ಳಿ ಏರ್‌ಪೋರ್ಟ್ ಹತ್ತಿರ ಗುರುವನ್ನು ಇಟ್ಟ ಹಾಗೆ.

ಅಷ್ಟೆಲ್ಲ ನಮಗೆ ಬೇಡ. ನಡೆದು ಮುಗಿಸುವಷ್ಟು ದೂರ ಸಾಕು.

ಅಳತೆ ಇಷ್ಟೇ: 10 ಲಕ್ಷ ಕಿಲೋಮೀಟರಿಗೆ ಒಂದು ಮೀಟರ್

ಲೆಕ್ಕ ಸುಲಭ ಆಗಬೇಕು ಅಂದ್ರೆ ಸೌರಮಂಡಲವನ್ನು 100 ಕೋಟಿ ಪಟ್ಟು ಕುಗ್ಗಿಸಬೇಕು. ಆಗ 10 ಲಕ್ಷ ಕಿಲೋಮೀಟರ್ ಅಂದ್ರೆ 1 ಮೀಟರ್, 1,000 ಕಿಲೋಮೀಟರ್ ಅಂದ್ರೆ 1 ಮಿಲಿಮೀಟರ್. ಬೆಂಗಳೂರಿಂದ ದೆಹಲಿಗೆ ಎರಡು ಮಿಲಿಮೀಟರ್ ಕೂಡ ಆಗಲ್ಲ. ಗಾತ್ರಕ್ಕೂ ದೂರಕ್ಕೂ ಇದೊಂದೇ ಅಳತೆ. ಪುಸ್ತಕದ ಚಿತ್ರದಲ್ಲಿ ಇಲ್ಲದೆ ಇರೋದು ಇದೇ.

ಈ ಅಳತೆಯಲ್ಲಿ ಸೂರ್ಯನ ಅಗಲ 1.4 ಮೀಟರ್. ಮುಚ್ಚಿರೋ ಅಂಗಡಿ ಶಟರ್ ಮೇಲೆ ಸೀಮೆಸುಣ್ಣದಲ್ಲಿ ಬರೆಯೋಕೆ ಹೇಳಿ ಮಾಡಿಸಿದ ಗಾತ್ರ. 70 ಸೆಂಟಿಮೀಟರ್ ದಾರ ತಗೊಂಡು ಒಂದು ತುದಿಯನ್ನು ಒಬ್ಬರು ಮಧ್ಯದಲ್ಲಿ ಒತ್ತಿ ಹಿಡಿಯಬೇಕು, ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ ಸುತ್ತ ಎಳೆದರೆ ಸೂರ್ಯ ರೆಡಿ. ಅಂಗಡಿ ತೆರೆಯೋ ಹೊತ್ತಿಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯ್ತು.

ಅಲ್ಲಿಂದ ನಡಿಗೆ ಶುರು. ದೊಡ್ಡವರ ಒಂದು ಹೆಜ್ಜೆ 70 ಸೆಂಟಿಮೀಟರ್ ಅಂತ ಇಟ್ಟುಕೊಂಡರೆ ನಿಲ್ದಾಣಗಳು ಹೀಗೆ ಬರುತ್ತವೆ:

- ಬುಧ: 58 ಮೀಟರ್, ಸುಮಾರು 83 ಹೆಜ್ಜೆ. ಗಾತ್ರ ಒಂದು ಕಾಳುಮೆಣಸು.
- ಶುಕ್ರ: 108 ಮೀಟರ್, ಸುಮಾರು 154 ಹೆಜ್ಜೆ. ನೆನೆಸಿದ ಕಾಬೂಲ್ ಕಡಲೆ ಒಂದು.
- ಭೂಮಿ: 150 ಮೀಟರ್, ಸುಮಾರು 214 ಹೆಜ್ಜೆ. ಇದೂ ಕಾಬೂಲ್ ಕಡಲೆಯೇ, ಒಂದು ಚೂರು ದಪ್ಪದ್ದು ಆರಿಸಿ.
- ಮಂಗಳ: 228 ಮೀಟರ್, ಸುಮಾರು 326 ಹೆಜ್ಜೆ. ಒಣ ಬಟಾಣಿ.
- ಗುರು: 778 ಮೀಟರ್, ಸುಮಾರು 1,110 ಹೆಜ್ಜೆ. ಸಣ್ಣ ಕರಬೂಜ ಹಣ್ಣು, 14 ಸೆಂಟಿಮೀಟರ್ ಅಗಲದ್ದು.

ಭೂಮಿಯ ಪಕ್ಕದಲ್ಲಿ ಚಂದ್ರನನ್ನೂ ಇಡಬೇಕು. ಒಂದು ಕೊತ್ತಂಬರಿ ಬೀಜ, ಕಡಲೆಯಿಂದ 38 ಸೆಂಟಿಮೀಟರ್ ದೂರಕ್ಕೆ. ಸ್ಕೂಲ್ ಮಕ್ಕಳ ಉದ್ದ ಸ್ಕೇಲಿಗಿಂತ ಸ್ವಲ್ಪ ಹೆಚ್ಚು. ಮನುಷ್ಯ ಇಲ್ಲಿಯವರೆಗೆ ಹೋಗಿರೋ ದೂರ ಹೆಚ್ಚೂ ಕಡಿಮೆ ಇಷ್ಟೇ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ಇಡೀ ದೇಶ ಟಿವಿ ಮುಂದೆ ಕೂತು ನೋಡಿದ್ದು ಈ ಕೊತ್ತಂಬರಿ ಬೀಜವನ್ನು. ಅವತ್ತು ಅದನ್ನು ನಿಯಂತ್ರಿಸಿದ ಇಸ್ರೋದ ಇಸ್ಟ್ರಾಕ್ ಕೇಂದ್ರ ಇರೋದು ಇಲ್ಲೇ ಪೀಣ್ಯದಲ್ಲಿ.

ಮಂಗಳ ದಾಟಿದ ಮೇಲೆ ಖಾಲಿ ರಸ್ತೆ

ನಡಿಗೆಯಲ್ಲಿ ಮಕ್ಕಳಿಗೆ ನಿಜವಾಗಿ ಆಶ್ಚರ್ಯ ಆಗೋದು ಮಂಗಳದ ನಂತರ. ಮೊದಲ ನಾಲ್ಕು ಗ್ರಹ 228 ಮೀಟರಿನೊಳಗೆ ಮುಗಿದುಹೋಗುತ್ತವೆ. ಮೂರು ನಾಲ್ಕು ನಿಮಿಷದ ನಡಿಗೆ. ಮುಂದಿನದೂ ಹೀಗೇ ಬೇಗ ಬರುತ್ತೆ ಅಂತ ಅಂದುಕೊಂಡರೆ ಬರೋದೇ ಇಲ್ಲ. ಬೇಕರಿ ದಾಟುತ್ತೆ, ಹಾರ್ಡ್‌ವೇರ್ ಅಂಗಡಿ ದಾಟುತ್ತೆ, ಗ್ಯಾರೇಜು, ಮೆಡಿಕಲ್ ಸ್ಟೋರು, ಮತ್ತೊಂದು ಬೇಕರಿ. ಇನ್ನೂ 550 ಮೀಟರ್ ನಡೀಬೇಕು.

ಮಧ್ಯದಲ್ಲಿ ಏನೂ ಇಲ್ಲವೇ? ಇದೆ. ಕ್ಷುದ್ರಗ್ರಹಗಳ ಪಟ್ಟಿ ಇದೆ. ಸಿನಿಮಾದಲ್ಲಿ ತೋರಿಸೋ ಹಾಗೆ ಬಂಡೆಗೆ ಬಂಡೆ ಬಡಿಯೋ ಜಾಗ ಅಲ್ಲ ಅದು. ಅಲ್ಲಿರೋದರಲ್ಲಿ ಎಲ್ಲಕ್ಕಿಂತ ದೊಡ್ಡದು ಸೀರಿಸ್. ನಮ್ಮ ಅಳತೆಯಲ್ಲಿ 414 ಮೀಟರ್ ಹತ್ತಿರ, ರಾಗಿ ಕಾಳಿಗಿಂತ ಚಿಕ್ಕದು. ಉಳಿದಿದ್ದೆಲ್ಲಾ ಹಿಟ್ಟು. ಅಷ್ಟನ್ನೂ ಗುಡಿಸಿ ಒಟ್ಟು ಮಾಡಿದರೂ ಆ ಕೊತ್ತಂಬರಿ ಬೀಜದ ನೂರರಲ್ಲಿ ಮೂರು ಭಾಗದಷ್ಟು ತೂಕ ಆಗುತ್ತೆ ಅಷ್ಟೆ.

ಈ ಖಾಲಿ ದಾರಿ ಸುಮ್ಮನೆ ಬಂದಿದ್ದಲ್ಲ, ಸೌರಮಂಡಲ ಹುಟ್ಟಿದ ಕಥೆಯ ಗುರುತೂ ಇಲ್ಲೇ ಇದೆ. ಸುಮಾರು 460 ಕೋಟಿ ವರ್ಷದ ಹಿಂದೆ ಸೂರ್ಯನ ಸುತ್ತ ಅನಿಲ, ಧೂಳು ತುಂಬಿದ ದೊಡ್ಡ ತಟ್ಟೆ ತಿರುಗುತ್ತಿತ್ತು. ಸೂರ್ಯನ ಹತ್ತಿರ ಕಾವು ಜಾಸ್ತಿ, ನೀರು ಹೆಪ್ಪುಗಟ್ಟೋಕೆ ಆಗಲಿಲ್ಲ. ಉಳಿದಿದ್ದು ಕಲ್ಲು, ಲೋಹ ಮಾತ್ರ. ಅದರಲ್ಲಿ ಆಗಿದ್ದು ಮೆಣಸು, ಕಡಲೆ, ಬಟಾಣಿ ಗಾತ್ರದ ಗ್ರಹಗಳು. ದೂರ ಹೋದ ಹಾಗೆ ತಣ್ಣಗಾಗಿ ನೀರು ಮಂಜುಗಡ್ಡೆ ಆಯ್ತು. ಕಲ್ಲಿನ ಜೊತೆ ಮಂಜುಗಡ್ಡೆಯೂ ಸೇರಿ ಅಲ್ಲಿ ದೊಡ್ಡ ಉಂಡೆ ಕಟ್ಟಿತು. ಉಂಡೆ ದೊಡ್ಡದಾದಷ್ಟೂ ಸೆಳೆತ ಜಾಸ್ತಿ. ಸುತ್ತ ಇದ್ದ ಹೈಡ್ರೋಜನ್, ಹೀಲಿಯಂ ಅನಿಲವನ್ನೆಲ್ಲ ಎಳೆದುಕೊಂಡಿತು. ಹಾಗೆ ಬೆಳೆದಿದ್ದು ಗುರು. ಹತ್ತಿರ ಇರೋರು ಯಾಕೆ ಸಣ್ಣ, ದೂರ ಇರೋನು ಯಾಕೆ ದೊಡ್ಡ ಅನ್ನೋದು ಆ 550 ಮೀಟರ್ ನಡೆಯುವಾಗ ಅರ್ಥ ಆಗುತ್ತೆ.

ಕರಬೂಜ ಕೈಗೆ ಬಂತು. ಈಗ ನೋಡಿ

ಒಂದು ಕೈಯಲ್ಲಿ ಕಾಬೂಲ್ ಕಡಲೆ, ಇನ್ನೊಂದು ಕೈಯಲ್ಲಿ ಕರಬೂಜ. ಇದು ಭೂಮಿ, ಇದು ಗುರು. ಅಗಲದಲ್ಲಿ ಹನ್ನೊಂದು ಪಟ್ಟು. ಗುರುವಿನ ಹೊಟ್ಟೆಯೊಳಗೆ ಸುಮಾರು 1,300 ಭೂಮಿ ಹಿಡಿಯುತ್ತವೆ. ಆದರೆ ತೂಕ ಮಾತ್ರ 318 ಭೂಮಿಯಷ್ಟು. 1,300 ಹಿಡಿಯೋ ಜಾಗದಲ್ಲಿ 318ರ ತೂಕ ಅಂದ್ರೆ ಒಳಗಿರೋದು ಕಲ್ಲಲ್ಲ, ಹಗುರವಾದ್ದು ಏನೋ ಇದೆ ಅಂತ ತಕ್ಕಡಿ ಹಿಡಿಯೋ ಯಾವ ಅಂಗಡಿಯವರಿಗಾದರೂ ತಕ್ಷಣ ಹೊಳೆಯುತ್ತೆ. ವಿಜ್ಞಾನಿಗಳ ಲೆಕ್ಕವೂ ಅದೇ ದಾರಿಯಲ್ಲಿ ಹೋಗಿದ್ದು. ತೂಕದಲ್ಲಿ ಹೆಚ್ಚೂ ಕಡಿಮೆ ಮುಕ್ಕಾಲು ಪಾಲು ಹೈಡ್ರೋಜನ್, ಉಳಿದಿದ್ದರಲ್ಲಿ ಬಹುಪಾಲು ಹೀಲಿಯಂ. ಬಲೂನಿಗೆ ತುಂಬೋ ಅನಿಲ. ಅದಕ್ಕೇ ಗುರುವನ್ನೂ ಶನಿಯನ್ನೂ ಅನಿಲ ದೈತ್ಯರು ಅಂತ ಕರೆಯೋದು.

ಅಷ್ಟು ಹಗುರದ ಅನಿಲ ಆದರೂ ಒಟ್ಟು ತೂಕ ಸಣ್ಣದಲ್ಲ. ಉಳಿದ ಏಳು ಗ್ರಹಗಳನ್ನೂ ತಕ್ಕಡಿಯ ಒಂದು ಕಡೆ ಹಾಕಿದರೆ, ಅವುಗಳ ಎರಡೂವರೆ ಪಟ್ಟು ಭಾರ ಗುರು ಒಬ್ಬನದೇ.

ಕರಬೂಜ ಆರಿಸುವಾಗ ಪೂರ್ತಿ ಗುಂಡಗಿರೋದು ಬೇಡ, ಮೇಲೆ ಕೆಳಗೆ ಸ್ವಲ್ಪ ಒತ್ತಿದ ಹಾಗಿರೋದು ತಗೊಳ್ಳಿ. ಗುರು ಇರೋದೇ ಹಾಗೆ. ಅಷ್ಟು ದೊಡ್ಡ ಗ್ರಹ 10 ಗಂಟೆಯೊಳಗೆ ಒಂದು ಸುತ್ತು ತಿರುಗುತ್ತೆ. ಅಲ್ಲಿ ಒಂದು ಹಗಲು ಅಂದ್ರೆ ಐದು ಗಂಟೆ. ಆ ರಭಸಕ್ಕೆ ನಡು ಉಬ್ಬಿದೆ. ನಮ್ಮ ಅಳತೆಯಲ್ಲಿ ನಡು 14.3 ಸೆಂಟಿಮೀಟರ್, ಮೇಲಿಂದ ಕೆಳಕ್ಕೆ 13.4. ಮೈಮೇಲಿನ ಪಟ್ಟೆಗಳೂ ಆ ತಿರುಗಾಟದ್ದೇ ಫಲ. ಮೋಡಗಳು ಗಾಳಿಗೆ ಸಿಕ್ಕಿ ಉದ್ದುದ್ದ ಎಳೆದುಕೊಂಡಿವೆ. ಅದರ ಮಧ್ಯೆ ಒಂದು ಕೆಂಪು ಮಚ್ಚೆ ಇದೆ. ಅದು ಬಿರುಗಾಳಿ. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಜನ ಅದನ್ನು ಬಿಡದೆ ನೋಡ್ತಾ ಇದ್ದಾರೆ, ಇನ್ನೂ ನಿಂತಿಲ್ಲ. ಈಚೆಗೆ ಸ್ವಲ್ಪ ಕುಗ್ಗಿದೆ. ಆದರೂ ನಮ್ಮ ಕಡಲೆ ಅದರೊಳಗೆ ಬಿದ್ದರೆ ಕಾಣದೆ ಹೋಗುತ್ತೆ.

ಕಾಲಿಡೋಕೆ ನೆಲವೇ ಇಲ್ಲ

ಮಕ್ಕಳು ಕೇಳೋ ಮೊದಲ ಪ್ರಶ್ನೆ ಇದು: ಗುರು ಮೇಲೆ ರಾಕೆಟ್ ಇಳಿಸಬಹುದಾ?

ಆಗಲ್ಲ. ಇಳಿಸೋಕೆ ನೆಲ ಬೇಕಲ್ಲ. ಕರಬೂಜಕ್ಕೆ ಸಿಪ್ಪೆ ಇದೆ, ಗುರುವಿಗೆ ಅದೂ ಇಲ್ಲ. ಇದನ್ನು ಅರ್ಥ ಮಾಡಿಕೊಳ್ಳೋಕೆ ರಾಗಿ ಅಂಬಲಿ ಮಾಡಿಟ್ಟ ಪಾತ್ರೆ ನೆನಪು ಮಾಡಿಕೊಳ್ಳಿ. ಸ್ವಲ್ಪ ಹೊತ್ತು ಬಿಟ್ಟರೆ ಮೇಲೆ ತಿಳಿ, ಕೆಳಗೆ ಹೋದ ಹಾಗೆ ಗಟ್ಟಿ. ಇಲ್ಲಿಗೆ ತಿಳಿ ಮುಗೀತು, ಇಲ್ಲಿಂದ ಗಟ್ಟಿ ಶುರು ಅಂತ ಗೆರೆ ಎಳೆಯೋಕಾಗಲ್ಲ. ಗುರು ಹಾಗೆಯೇ. ಮೇಲೆ ಮೋಡ, ಕೆಳಗೆ ಅನಿಲ, ಇನ್ನೂ ಕೆಳಗೆ ಒತ್ತಡ ಹೆಚ್ಚಾಗಿ ಹೈಡ್ರೋಜನ್ ದ್ರವದ ಹಾಗೆ ಆಗುತ್ತೆ. ಮತ್ತೂ ಆಳದಲ್ಲಿ ಒತ್ತಡ ಎಷ್ಟಿದೆ ಅಂದ್ರೆ ಅದೇ ಹೈಡ್ರೋಜನ್ ಲೋಹದ ತರಹ ವಿದ್ಯುತ್ ಹರಿಸುತ್ತೆ. ಗುರುವಿನ ಬಲವಾದ ಅಯಸ್ಕಾಂತ ಶಕ್ತಿ ಬರೋದು ಅಲ್ಲಿಂದ. 2016ರ ಜುಲೈಯಿಂದ ಗುರುವನ್ನು ಸುತ್ತಿದ ಜುನೋ ನೌಕೆಯ ಅಳತೆಗಳ ಪ್ರಕಾರ ನಡುವಿನ ತಿರುಳೂ ಗಟ್ಟಿ ಉಂಡೆಯಾಗಿಲ್ಲ. ಸುತ್ತಲಿನ ಹೈಡ್ರೋಜನ್ ಜೊತೆ ಕಲೆತು ಹರಡಿಕೊಂಡಿದೆ.

ಒಂದು ಸಲ ಒಳಗೆ ಇಳಿದು ನೋಡೋ ಪ್ರಯತ್ನವೂ ನಡೆದಿದೆ. 1995ರ ಡಿಸೆಂಬರ್ 7ರಂದು ಗೆಲಿಲಿಯೋ ನೌಕೆಯಿಂದ ಬೇರೆಯಾದ ಒಂದು ಉಪಕರಣ ಗುರುವಿನ ಮೋಡಗಳೊಳಕ್ಕೆ ಧುಮುಕಿತು. ಪ್ಯಾರಾಚೂಟ್ ಬಿಚ್ಚಿಕೊಂಡು ಇಳೀತಾ ಸುಮಾರು ಒಂದು ಗಂಟೆ ಮಾಹಿತಿ ಕಳಿಸಿತು. ಒತ್ತಡ ಭೂಮಿ ಮೇಲಿನ ಗಾಳಿಯ 20 ಪಟ್ಟು ದಾಟಿತು, ಬಿಸಿಯೂ ಏರಿತು, ಆಮೇಲೆ ಸುದ್ದಿ ನಿಂತುಹೋಯಿತು. ಅಷ್ಟರಲ್ಲಿ ಅದು ಇಳಿದಿದ್ದ ಆಳ ಸುಮಾರು 150 ಕಿಲೋಮೀಟರ್. ನಮ್ಮ ಕರಬೂಜದಲ್ಲಿ ಅದು ನೋಟ್‌ಬುಕ್ಕಿನ ಎರಡು ಹಾಳೆ ದಪ್ಪವೂ ಅಲ್ಲ.

ಹಾಗಾದರೆ ಅಲ್ಲಿ ತೂಕ ಎಷ್ಟು ಬರುತ್ತೆ? ಮೋಡದ ಮಟ್ಟದಲ್ಲಿ ಹೇಗೋ ತಕ್ಕಡಿ ನಿಲ್ಲಿಸಿದರೆ, ಇಲ್ಲಿ 50 ಕೆ.ಜಿ. ತೋರಿಸೋ ಅಕ್ಕಿ ಮೂಟೆ ಅಲ್ಲಿ 125 ಕೆ.ಜಿ. ತೋರಿಸುತ್ತೆ. ವ್ಯಾಪಾರಕ್ಕೆ ಲಾಭವೇನೋ ಸರಿ, ತಕ್ಕಡಿ ಇಡೋಕೆ ಜಾಗ ಇಲ್ಲ.

ಒಂದೇ ಅಂಗಡಿ ಮುಂದೆ ನಾಲ್ಕು ಚಂದ್ರ

ಗುರುವಿಗೆ ಇಲ್ಲಿಯವರೆಗೆ ಲೆಕ್ಕಕ್ಕೆ ಸಿಕ್ಕ ಚಂದ್ರಗಳು 95ಕ್ಕೂ ಹೆಚ್ಚು. ಅದರಲ್ಲಿ ದೊಡ್ಡವು ನಾಲ್ಕು. 1610ರ ಜನವರಿಯಲ್ಲಿ ಇಟಲಿಯ ಗೆಲಿಲಿಯೋ ತನ್ನ ಸಣ್ಣ ದೂರದರ್ಶಕದಲ್ಲಿ ಇವನ್ನು ಕಂಡ. ರಾತ್ರಿಯಿಂದ ರಾತ್ರಿಗೆ ಅವು ಜಾಗ ಬದಲಿಸೋದನ್ನು ನೋಡಿ, ಎಲ್ಲವೂ ಭೂಮಿಯನ್ನೇ ಸುತ್ತಬೇಕು ಅಂತೇನಿಲ್ಲ ಅನ್ನೋದು ಅವನಿಗೆ ಖಾತ್ರಿ ಆಯ್ತು.

ನಮ್ಮ ಅಳತೆಯಲ್ಲಿ ಈ ನಾಲ್ಕೂ ಒಂದು ಅಂಗಡಿಯ ಮುಂಭಾಗದಲ್ಲಿ ಹಿಡಿಸುತ್ತವೆ. ಕರಬೂಜದಿಂದ 42 ಸೆಂಟಿಮೀಟರಿಗೆ ಅಯೋ, 67 ಸೆಂಟಿಮೀಟರಿಗೆ ಯುರೋಪಾ. ಎರಡಕ್ಕೂ ಕೊತ್ತಂಬರಿ ಬೀಜ ಸಾಕು. ಒಂದು ಮೀಟರ್ ಏಳು ಸೆಂಟಿಮೀಟರಿಗೆ ಗನಿಮೀಡ್, 1.9 ಮೀಟರಿಗೆ ಕ್ಯಾಲಿಸ್ಟೊ. ಇವೆರಡಕ್ಕೆ ಕಾಳುಮೆಣಸು. ಗನಿಮೀಡ್ ಬುಧ ಗ್ರಹಕ್ಕಿಂತಲೂ ದೊಡ್ಡದು, ಹಾಗಾಗಿ ದಪ್ಪ ಮೆಣಸನ್ನೇ ಆರಿಸಿ.

ಈ ಗನಿಮೀಡ್ ಕಥೆಯಲ್ಲಿ ನಮ್ಮವರ ಪಾಲೂ ಇದೆ. ಕೋರಮಂಗಲದಲ್ಲಿರೋ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ವೀಕ್ಷಣಾಲಯ ತಮಿಳುನಾಡಿನ ಕಾವಲೂರಿನಲ್ಲಿದೆ. ವೈಣು ಬಪ್ಪು ಕಟ್ಟಿದ್ದು, ಈಗ ಅವರದೇ ಹೆಸರು. 1972ರ ಜೂನ್ 7ರಂದು ಗನಿಮೀಡ್ ಒಂದು ನಕ್ಷತ್ರದ ಮುಂದೆ ಹಾದುಹೋಯಿತು. ಆ ನಕ್ಷತ್ರದ ಬೆಳಕು ಹೇಗೆ ಮರೆಯಾಗುತ್ತೆ ಅಂತ ಕಾವಲೂರಿನಲ್ಲೂ ಇಂಡೊನೇಷ್ಯಾದಲ್ಲೂ ಅಳೆದರು. ಗನಿಮೀಡ್ ಸುತ್ತ ತೆಳುವಾದ ವಾತಾವರಣ ಇರಬಹುದು ಅನ್ನೋ ಸುಳಿವು ಆ ಅಳತೆಯಿಂದ ಬಂತು. ಅವತ್ತು ಅಂದುಕೊಂಡಿದ್ದಕ್ಕಿಂತ ಬಹಳ ತೆಳು ಅಂತ ಆಮೇಲೆ ಗೊತ್ತಾಯ್ತು. 1977ರ ಮಾರ್ಚ್ 10ರಂದು ಇದೇ ರೀತಿ ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡಿದಾಗ ಅದರ ಬಳೆಗಳು ಪತ್ತೆಯಾದವು. ಆ ಹೊತ್ತಿನಲ್ಲಿ ಕಾವಲೂರಿನ ದೂರದರ್ಶಕವೂ ಅದೇ ನಕ್ಷತ್ರದ ಕಡೆ ನೆಟ್ಟಿತ್ತು, ಬೆಳಕು ಕುಗ್ಗಿದ್ದು ಅಲ್ಲೂ ದಾಖಲಾಯಿತು. 700, 800 ಮೀಟರ್ ಆಚೆ ಇರೋ ಕಾಳುಮೆಣಸಿಗೆ ಗಾಳಿ ಇದೆಯಾ ಅಂತ ಕಡಲೆ ಮೇಲೆ ನಿಂತುಕೊಂಡು ಕೇಳಿದ ಹಾಗೆ ಆ ಕೆಲಸ.

ಬೆಳಕಿಗಿಂತ ಬೇಗ ನಡೆಯೋ ಮಕ್ಕಳು

ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಹೋಗುತ್ತೆ ಅಂತ ಎಲ್ಲರೂ ಓದಿರುತ್ತಾರೆ. ನಮ್ಮ ಅಳತೆಯಲ್ಲಿ ಅದು ಸೆಕೆಂಡಿಗೆ 30 ಸೆಂಟಿಮೀಟರ್. ಅಂದ್ರೆ ಒಂದು ಸ್ಕೇಲ್ ಉದ್ದ. ಅಂಬೆಗಾಲಿಡೋ ಮಗುವಿನ ವೇಗ.

ಶಟರ್‌ನಿಂದ ಹೊರಟ ಬೆಳಕು ಕಡಲೆ ತಲುಪೋಕೆ 8 ನಿಮಿಷ 20 ಸೆಕೆಂಡ್ ಬೇಕು. ಕರಬೂಜ ತಲುಪೋಕೆ 43 ನಿಮಿಷ. ಮಕ್ಕಳು ಆ ದೂರವನ್ನು ಹತ್ತು ಹನ್ನೆರಡು ನಿಮಿಷದಲ್ಲಿ ನಡೆದುಬಿಡುತ್ತಾರೆ. ಬ್ರಹ್ಮಾಂಡದಲ್ಲಿ ಎಲ್ಲಕ್ಕಿಂತ ವೇಗದ ವಸ್ತುವೂ ಇಲ್ಲಿ ಹೀಗೆ ತೆವಳುತ್ತೆ ಅನ್ನೋದು ಗೊತ್ತಾದಾಗ ದೂರ ಅಂದ್ರೇನು ಅಂತ ಮನಸ್ಸಿಗೆ ಇಳಿಯುತ್ತೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳದ ಕಕ್ಷೆ ಸೇರಿದಾಗ ನೌಕೆಯಿಂದ ಸುದ್ದಿ ಬರೋಕೆ 12 ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ಪೀಣ್ಯದಲ್ಲಿ ಕೂತವರು ಅಷ್ಟು ಹೊತ್ತು ಕಾಯಬೇಕಿತ್ತು. ಅದೂ ಬಟಾಣಿ ದೂರಕ್ಕೆ. ಗುರು ಇನ್ನೂ ಆಚೆ. ಭಾರತದ ಯಾವ ನೌಕೆಯೂ ಅಲ್ಲಿಗೆ ಹೋಗಿಲ್ಲ. ಯುರೋಪಿನ ಜ್ಯೂಸ್ 2023ರ ಏಪ್ರಿಲ್‌ನಲ್ಲೂ ಅಮೆರಿಕದ ಯುರೋಪಾ ಕ್ಲಿಪ್ಪರ್ 2024ರ ಅಕ್ಟೋಬರ್‌ನಲ್ಲೂ ಹೊರಟಿವೆ. ಒಂದು 2031ಕ್ಕೆ, ಇನ್ನೊಂದು 2030ಕ್ಕೆ ತಲುಪಬೇಕು.

ವಾಟ್ಸಾಪ್ ಸುದ್ದಿಗೆ ಇದೇ ಉತ್ತರ

'ಈ ದಿನ ರಾತ್ರಿ ಮಂಗಳ ಗ್ರಹ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತೆ, ತಪ್ಪದೆ ಎಲ್ಲರಿಗೂ ಕಳಿಸಿ' ಅನ್ನೋ ಮೆಸೇಜ್ 2003ರಿಂದ ಪದೇ ಪದೇ ಸುತ್ತುತ್ತಾ ಇದೆ. ಆ ವರ್ಷ ಮಂಗಳ ನಿಜವಾಗಿಯೂ ಬಹಳ ಹತ್ತಿರ ಬಂದಿತ್ತು. ಎಷ್ಟು ಹತ್ತಿರ? ನಮ್ಮ ಅಳತೆಯಲ್ಲಿ 56 ಮೀಟರ್. 56 ಮೀಟರ್ ದೂರದಲ್ಲಿ ಹಿಡಿದ ಒಣ ಬಟಾಣಿ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತಾ? ಈ ನಡಿಗೆ ಒಂದು ಸಲ ಮಾಡಿದ ಮಗು ಅಂಥ ಮೆಸೇಜ್ ಫಾರ್ವರ್ಡ್ ಮಾಡೋ ಮುಂಚೆ ನಗುತ್ತೆ. ಮನೆಯಲ್ಲಿ ದೊಡ್ಡವರಿಗೂ ಹೇಳುತ್ತೆ.

ಇನ್ನೊಂದು ಪರೀಕ್ಷೆ ಭೂಮಿಯ ನಿಲ್ದಾಣದಲ್ಲೇ ಮಾಡಬಹುದು. ಅಲ್ಲಿಂದ ತಿರುಗಿ ಶಟರ್ ಮೇಲಿನ ಸೂರ್ಯನನ್ನು ನೋಡಿ. ಆಕಾಶದಲ್ಲಿ ನಿಜವಾದ ಸೂರ್ಯ ಕಾಣೋ ಗಾತ್ರವೇ ಇದು, ಕೈ ಚಾಚಿ ಕಿರುಬೆರಳು ಅಡ್ಡ ಹಿಡಿದರೆ ಮುಚ್ಚಿಹೋಗುತ್ತೆ. ಗಾತ್ರ, ದೂರ ಎರಡನ್ನೂ ಒಂದೇ ಅಳತೆಯಲ್ಲಿ ಕುಗ್ಗಿಸಿರೋದರಿಂದ ಕಾಣೋ ಗಾತ್ರ ಬದಲಾಗಲ್ಲ. ಆಮೇಲೆ ಕರಬೂಜ ಇರೋ ಕಡೆ ನೋಡಿ. ಗುರು ಹತ್ತಿರ ಇರುವಾಗ ಅದು ಭೂಮಿಯಿಂದ ಸುಮಾರು 630 ಮೀಟರ್. ಬರೀ ಚುಕ್ಕಿ. ರಾತ್ರಿ ಆಕಾಶದಲ್ಲಿ ಗುರು ಕಾಣೋದು ಇದೇ ಚುಕ್ಕಿಯಾಗಿ. ನಿಜವಾದ ಸೂರ್ಯನನ್ನು ಮಾತ್ರ ಬರಿಗಣ್ಣಿನಲ್ಲಾಗಲಿ ಬೈನಾಕ್ಯುಲರ್‌ನಲ್ಲಾಗಲಿ ನೋಡಬಾರದು, ಮಕ್ಕಳಿಗೆ ಮೊದಲೇ ಹೇಳಿಬಿಡಿ.

ನಡಿಗೆ ಮಾಡೋದು ಎಲ್ಲಿ, ಹೇಗೆ?

ಲಾರಿ, ಟೆಂಪೋ ಓಡಾಡೋ ಮೇನ್ ರೋಡ್ ಇದಕ್ಕೆ ಆಗಲ್ಲ. 778 ಮೀಟರ್ ಉದ್ದಕ್ಕೂ ಮಗು ರಸ್ತೆಗೆ ಇಳಿಯದೆ ನಡೆಯಬಹುದಾದ ಜಾಗ ಎಲ್ಲಿದೆ ಅಂತ ಮೊದಲು ದೊಡ್ಡವರೇ ಒಂದು ಸಲ ನಡೆದು ನೋಡಬೇಕು. ಹಾಗೆ ಹುಡುಕುವಾಗ ಫುಟ್‌ಪಾತ್ ಎಲ್ಲಿ ತುಂಡಾಗಿದೆ, ಎಲ್ಲಿ ಚರಂಡಿ ಚಪ್ಪಡಿ ಇಲ್ಲ ಅನ್ನೋದೂ ಕಣ್ಣಿಗೆ ಬೀಳುತ್ತೆ. ಅದನ್ನೂ ಬರೆದಿಟ್ಟುಕೊಂಡರೆ ಊರಿಗೇ ಉಪಯೋಗ.

ಲೇಔಟಿನ ಒಳರಸ್ತೆ, ಕೆರೆ ಬದಿಯ ವಾಕಿಂಗ್ ದಾರಿ, ಶಾಲಾ ಮೈದಾನ ಯಾವುದಾದರೂ ಆದೀತು. ದಾರಿ ನೇರ ಇರಲೇಬೇಕು ಅಂತಿಲ್ಲ. ಸುತ್ತು ಹಾಕಿದರೂ ನಡೆದ ದೂರ ಲೆಕ್ಕಕ್ಕೆ ಬರುತ್ತೆ, ಭೂಮಿಯಿಂದ ನೋಡೋ ಪರೀಕ್ಷೆ ಮಾತ್ರ ಆಗಲ್ಲ. ಜಾಗ ಸಾಲದಿದ್ದರೆ ಎಲ್ಲವನ್ನೂ ಅರ್ಧ ಮಾಡಿ. ಸೂರ್ಯ 70 ಸೆಂಟಿಮೀಟರ್, ಭೂಮಿ 75 ಮೀಟರಿಗೆ ಒಂದು ಸಣ್ಣ ಬಟಾಣಿ, ಗುರು 389 ಮೀಟರಿಗೆ ಒಂದು ಮೂಸಂಬಿ.

ಹೆಜ್ಜೆ ಲೆಕ್ಕ ಹಾಕೋಕೆ ಮೊದಲು ಟೇಪಿನಲ್ಲಿ 10 ಮೀಟರ್ ಅಳೆದು, ಅದು ನಿಮ್ಮ ಎಷ್ಟು ಹೆಜ್ಜೆ ಅಂತ ನೋಡಿಕೊಳ್ಳಿ. ಕಾಳುಗಳನ್ನು ರಟ್ಟಿಗೆ ಅಂಟಿಸಿ ಹೆಸರು, ದೂರ ಬರೆದರೆ ಕಳೆದುಹೋಗಲ್ಲ. ನಿಲ್ದಾಣ ಬರೋ ಜಾಗದ ಅಂಗಡಿಯವರು ಒಪ್ಪಿದರೆ ರಟ್ಟನ್ನು ಅಲ್ಲೇ ಬಾಗಿಲಿಗೆ ತೂಗುಹಾಕಬಹುದು. ಭಾನುವಾರ ಬೆಳಗ್ಗೆ ಆರೂವರೆ ಏಳು ಗಂಟೆ ಒಳ್ಳೆ ಸಮಯ. ಮುಂದೆ ಒಬ್ಬರು, ಹಿಂದೆ ಒಬ್ಬರು ದೊಡ್ಡವರು ಇರಲಿ. ಗುರು ತಲುಪಿದ ಮೇಲೆ ಕರಬೂಜ ಕತ್ತರಿಸಿ ಹಂಚಿದರೆ ಮಕ್ಕಳು ಮುಂದಿನ ವಾರವೂ ಬರುತ್ತಾರೆ.

ಶನಿಯವರೆಗೂ ಹೋಗಬೇಕು ಅನ್ನೋರು 1,430 ಮೀಟರ್ ನಡೆಯಬೇಕು. ಊಟದ ತಟ್ಟೆ ಮೇಲೆ ಸುಲಿದ ತೆಂಗಿನಕಾಯಿ ಇಟ್ಟರೆ ಬಳೆ ಸಮೇತ ಶನಿ. ಯುರೇನಸ್ 2.9 ಕಿಲೋಮೀಟರಿಗೆ, ನೆಪ್ಚೂನ್ 4.5 ಕಿಲೋಮೀಟರಿಗೆ, ಎರಡೂ ನಿಂಬೆಹಣ್ಣು. ಅಲ್ಲಿಗೆ ಆಟೋ ಹಿಡಿಯೋದೇ ವಾಸಿ. ಅದರಾಚೆ ಸೂರ್ಯನಿಗೆ ಎಲ್ಲಕ್ಕಿಂತ ಹತ್ತಿರದ ನಕ್ಷತ್ರ ಎಲ್ಲಿ ಅಂತ ಕೇಳಿದರೆ, ಇದೇ ಅಳತೆಯಲ್ಲಿ 40,000 ಕಿಲೋಮೀಟರ್ ದೂರ. ನಿಜವಾದ ಭೂಮಿಯನ್ನೇ ಒಂದು ಸುತ್ತು ಹಾಕಿ ಬಂದಷ್ಟು.

ರಾತ್ರಿ ಗುರುತು ಹಿಡಿಯೋದು ಹೇಗೆ?

ಬೀದಿ ದೀಪದ ಬೆಳಕಿನಲ್ಲಿ ಅಬ್ಬಿಗೆರೆಯಿಂದ ಸಣ್ಣ ನಕ್ಷತ್ರಗಳು ಈಗ ಕಾಣಲ್ಲ. ಗುರು ಮಾತ್ರ ಕಾಣುತ್ತೆ, ಅಷ್ಟು ಹೊಳಪು. ಸುಮಾರು 13 ತಿಂಗಳಿಗೆ ಒಮ್ಮೆ ಅದು ಸೂರ್ಯನಿಗೆ ಎದುರು ಬರುತ್ತೆ. ಆಗ ಸಂಜೆ ಸೂರ್ಯ ಮುಳುಗೋ ಹೊತ್ತಿಗೆ ಪೂರ್ವದಲ್ಲಿ ಹುಟ್ಟಿ ರಾತ್ರಿಯಿಡೀ ಇರುತ್ತೆ. ಮಿನುಗದೆ ಸ್ಥಿರವಾಗಿ ಬೆಳಗೋದು ಗುರುತು. ಇದಕ್ಕಿಂತ ಹೊಳೆಯೋ ಶುಕ್ರ ಮಧ್ಯರಾತ್ರಿಯಲ್ಲಿ ಕಾಣಲ್ಲ, ಸಂಜೆ ಇಲ್ಲವೇ ಬೆಳಗಿನ ಜಾವ ಮಾತ್ರ. ಮಾಮೂಲಿ ಬೈನಾಕ್ಯುಲರನ್ನು ಗೋಡೆಗೆ ಒರಗಿಸಿ ಅಲ್ಲಾಡದ ಹಾಗೆ ಹಿಡಿದರೆ ಗುರುವಿನ ಅಕ್ಕಪಕ್ಕ ಸಾಲಾಗಿ ಎರಡು ಮೂರು, ಕೆಲವು ಸಲ ನಾಲ್ಕೂ ಚಂದ್ರ ಸಿಗುತ್ತವೆ. ಇನ್ನೂ ತಿಳೀಬೇಕು ಅನ್ನೋ ಮಕ್ಕಳನ್ನು ಟಿ. ಚೌಡಯ್ಯ ರಸ್ತೆಯ ಜವಾಹರಲಾಲ್ ನೆಹರು ತಾರಾಲಯಕ್ಕೆ ಕರೆದುಕೊಂಡು ಹೋಗಬಹುದು. 1989ರಿಂದ ನಡೀತಾ ಇರೋ ತಾರಾಲಯ, ಹೊರಗಡೆ ವಿಜ್ಞಾನ ಪಾರ್ಕೂ ಇದೆ.

ಗುರು ಒಂದು ಸುತ್ತು ಬರೋ ಹೊತ್ತಿಗೆ

ರಟ್ಟಿನ ಮೇಲೆ ಗ್ರಹ ನಿಂತಿದ್ದರೂ ಆಕಾಶದಲ್ಲಿ ಅದು ನಿಲ್ಲಲ್ಲ. ನಮ್ಮ ಅಳತೆಯಲ್ಲಿ ಗುರು ದಿನಕ್ಕೆ 1.1 ಮೀಟರ್ ಜರುಗುತ್ತೆ. ಒಂದು ದೊಡ್ಡ ಹೆಜ್ಜೆ. ಹಣ್ಣಿನಂಗಡಿಯವರು ದಿನಾ ಬೆಳಗ್ಗೆ ಕರಬೂಜವನ್ನು ಅಷ್ಟು ಸರಿಸುತ್ತಾ ಹೋದರೆ, ಶಟರ್ ಸುತ್ತ 4.9 ಕಿಲೋಮೀಟರಿನ ವೃತ್ತ ಮುಗಿಸಿ ಅದೇ ಅಂಗಡಿಗೆ ಬರೋಕೆ ಹನ್ನೆರಡು ವರ್ಷಕ್ಕೆ ಒಂದೆರಡು ತಿಂಗಳು ಕಡಿಮೆ ಬೇಕು. ಪಂಚಾಂಗದಲ್ಲಿ ಗುರು ವರ್ಷಕ್ಕೊಂದು ರಾಶಿಯಂತೆ ಹನ್ನೆರಡು ರಾಶಿ ದಾಟೋದು ಇದೇ ನಡಿಗೆ. ಮದುವೆಗೆ ಗುರುಬಲ ನೋಡೋದು ಬಿಡೋದು ಅವರವರ ಮನೆ ವಿಚಾರ, ಆದರೆ ಹನ್ನೆರಡು ವರ್ಷದ ಲೆಕ್ಕ ಎರಡು ಕಡೆಯೂ ಒಂದೇ.

ಒಂದನೇ ಕ್ಲಾಸಿನಿಂದ ಸೆಕೆಂಡ್ ಪಿಯುಸಿಗೂ ಅಷ್ಟೇ, ಹನ್ನೆರಡು ವರ್ಷ. ಈ ಸಲ ಒಂದನೇ ಕ್ಲಾಸಿಗೆ ಸೇರಿದ ಮಗು ಇವತ್ತು ಗುರುವನ್ನು ಯಾವ ನಕ್ಷತ್ರಗಳ ನಡುವೆ ನೋಡುತ್ತೋ, ಪಿಯುಸಿ ಪರೀಕ್ಷೆ ಮುಗಿಸೋ ಹೊತ್ತಿಗೆ ಅದು ಮತ್ತೆ ಅಲ್ಲಿಗೇ ಬಂದಿರುತ್ತೆ. ಅಷ್ಟರೊಳಗೆ ಆ ಮಗು ಒಂದು ಸಲವಾದರೂ ಆ 778 ಮೀಟರ್ ನಡೆದಿರಬೇಕು.